ನೇರಳೆ ಗೆಣ್ಣು

ಲೋಹಿತನ ಬೆರಳುಗಳೇ ಚಿಕ್ಕಸ್ವಾಮಿಯ ಹೊಟ್ಟೆಗೆ ಕಿಚ್ಚು ಹಚ್ಚಿದ್ದು. ಅವನ ಮುಖವಲ್ಲ, ಮಾತಲ್ಲ, ಬೆರಳು. ಅಕ್ಕಸಾಲಿ ಕಾಳಪ್ಪನ ಮಗನಾದ ಲೋಹಿತನಿಗೆ ತೆಳ್ಳನೆಯ ಉದ್ದ ಬೆರಳು, ಗೆಣ್ಣು ಕೂಡ ಉಬ್ಬಿರಲಿಲ್ಲ. ಸಿಂಧಘಟ್ಟದ ಸ್ಕೂಲಿನಲ್ಲಿ ಇಬ್ಬರದೂ ಒಂದೇ ಬೆಂಚು. ಆಗ ಆ ಬೆರಳು ಕಂಡು ಚಿಕ್ಕಸ್ವಾಮಿ ನಗುತ್ತಿದ್ದ, ಒಂದು ಗುದ್ದಲಿ ಹಿಡಿದರೆ ಮುರಿದುಹೋಗ್ತವೆ ಅಂತ. ಇಬ್ಬರೂ ಒಂದೇ ವರ್ಷ, ಎಂಟನೇ ಕ್ಲಾಸಿನ ಅರ್ಧದಲ್ಲಿ ಸ್ಕೂಲು ಬಿಟ್ಟರು. ಇವನು ಅಪ್ಪ ಸೋಮಯ್ಯನ ಹಿಂದೆ ನೇಗಿಲಿಗೆ ಹೋದ, ಅವನು ತನ್ನಪ್ಪನ ಕುಲುಮೆಯ ಮುಂದೆ ಕೂತ. ಅಲ್ಲಿಂದ ಎಂಟು ವರ್ಷ ಯಾರಿಗೂ ಯಾರ ಮೇಲೂ ಹೊಟ್ಟೆಕಿಚ್ಚು ಪಡುವ ಕಾರಣವಿರಲಿಲ್ಲ.

ಕಾರಣ ಬಂದದ್ದು ತೊಂಬತ್ತೈದರ ಮುಂಗಾರಿನಲ್ಲಿ, ಒಂದು ಹಸಿರು ಜೀಪಿನಲ್ಲಿ.

ಜೀಪಿನಿಂದ ಇಳಿದವರು ಹೇಮಶ್ರೀ ಮೇಡಂ. ನಾಲೆ ಬಯಲಿನ ಒಂದು ಫಾರಂನಲ್ಲಿ ಹೊಸ ರಾಗಿ ತಳಿ ಮಾಡುವುದು ಅವರ ಕೆಲಸ. ಶ್ರೀರಂಗಪಟ್ಟಣದ ಕಡೆಯಿಂದ ನಾಗಮಂಗಲದವರೆಗೂ ಹೊಲ ಹುಡುಕಿಕೊಂಡು ಸುತ್ತಿ, ಕೊನೆಗೆ ಮೇಲುಕೋಟೆ ಬೆಟ್ಟ ಎದುರಿಗೇ ಕಾಣುವ ಸೋಮಯ್ಯನ ಕಲ್ಲು ಹೊಲಕ್ಕೆ ಬಂದಿದ್ದರು.

"ನಮ್ಮ ಫಾರಂನಲ್ಲಿ ಬೇಡವೆಂದರೂ ನೀರು ಬಸಿಯುತ್ತೆ ಯಜಮಾನರೇ," ಎಂದರು ಮೇಡಂ. "ಅಲ್ಲಿ ಬೆಳೆದ ಗಿಡಕ್ಕೆ ಬಾಯಾರಿಕೆ ಅಂದರೇನು ಅಂತಲೇ ಗೊತ್ತಾಗಲ್ಲ. ಯಾವುದು ತಡೆಯುತ್ತೆ, ಯಾವುದು ಬೀಳುತ್ತೆ ಅಂತ ನಾನು ಹೇಗೆ ಕಂಡುಹಿಡೀಲಿ? ನಿಮ್ಮ ನಾಲ್ಕು ಗುಂಟೆ ಕೊಡಿ."

"ಬಾಯಾರಿಕೆ ಬೇಕಾದ್ರೆ ನಾಲ್ಕ್ ಗುಂಟೆ ಯಾಕವ್ವ, ನಾಲ್ಕೆಕ್ರೆನೂ ಅವೆ ಬುಡಿ," ಎಂದ ಸೋಮಯ್ಯ.

ಮೇಡಂ ಬಂದದ್ದು ನೆಲಕ್ಕಷ್ಟೇ ಅಲ್ಲ, ಚಿಕ್ಕಸ್ವಾಮಿಯ ತಾಯಿ ಚಲುವಮ್ಮ ವರ್ಷಾ ವರ್ಷ ಬೂದಿ ಬೆರೆಸಿ ಗುಡಾಣದಲ್ಲಿ ತೆಗೆದಿಡುತ್ತಿದ್ದ ಬೀಜಕ್ಕೂ. ಆ ರಾಗಿಗೆ ಮನೆಯವರು ಇಟ್ಟ ಹೆಸರು ಗುಬ್ಬಿಮುಷ್ಟಿ. ತೆನೆ ಗುಬ್ಬಿ ಮುದುರಿದ ಕಾಲಿನಷ್ಟೇ. ಇಳುವರಿ ಕೇಳಿದರೆ ನಗು ಬರಬೇಕು, ಆದರೆ ತಿಂಗಳು ಮಳೆಯಿಲ್ಲದಿದ್ದರೂ ಸಾಯದು. ಫಾರಂನ ರಾಗಿಯೋ, ಹಿಡಿ ತುಂಬುವ ತೆನೆ, ಆದರೆ ಹತ್ತು ದಿನ ಒಣಗಿದರೆ ಮಕಾಡೆ ಮಲಗುತ್ತಿತ್ತು. ಎರಡನ್ನೂ ಆ ಹೊಲದಲ್ಲೇ ಪಕ್ಕಪಕ್ಕ ಬಿತ್ತಿ, ಕೂಡಿಸಿ ಒಂದು ಮಾಡುವುದು ಮೇಡಂ ಲೆಕ್ಕಾಚಾರ.

ಚಿಕ್ಕಸ್ವಾಮಿ ಆ ಮೊದಲ ತಿಂಗಳಲ್ಲಿ ನೆಲದ ಮೇಲೆ ನಡೆಯಲಿಲ್ಲ. ಮೇಡಂ ಕೇಳುತ್ತಿದ್ದರು, ಅವನು ಹೇಳುತ್ತಿದ್ದ.

"ಬಿಸಿಲು ಏರ್ತಿದ್ದಂಗೆ ಗುಬ್ಬಿಮುಷ್ಟಿ ಎಲೆ ಸುತ್ಕತ್ತದೆ ಮೇಡಂ, ಬೀಡಿ ಸುತ್ದಂಗೆ. ನೋಡ್ದೋರು ಬಾಡೋಯ್ತು ಅಂತಾರೆ. ಬಾಡಿಲ್ಲ ಅದು, ಬಾಗ್ಲು ಹಾಕ್ಕಂಡದೆ. ಒಳಗಿನ ನೀರು ಒಳಗೇ ಇರ್ಲಿ ಅಂತ. ಹೊತ್ತು ಇಳೀತಿದ್ದಂಗೆ ಬಾಗ್ಲು ತೆಕ್ಕತ್ತದೆ."

"ನಿಮ್ಮದು ಎಷ್ಟು ಗಂಟೆಗೆ ಸುತ್ತಿಕೊಳ್ಳುತ್ತೆ?"

"ಹತ್ತಕ್ಕೇ. ನಿಮ್ಮ ಫಾರಂದು ಹನ್ನೆರಡಾದ್ರೂ ಮೈ ಬಿಟ್ಕಂಡು ನಿಂತಿರ್ತದೆ ಪ್ಯಾಟೆಯೋರಂಗೆ. ಅದ್ಕೇ ಬೀಳೋದು."

ಮೇಡಂ ನಕ್ಕು ತಮ್ಮ ಉದ್ದನೆಯ ಬುಕ್ಕಿನಲ್ಲಿ ಅದನ್ನು ಬರೆದುಕೊಂಡರು. ತಾನು ಆಡಿದ ಮಾತನ್ನು ಯಾರಾದರೂ ಬರೆದುಕೊಂಡದ್ದು ಚಿಕ್ಕಸ್ವಾಮಿಯ ಜೀವಮಾನದಲ್ಲೇ ಅದೇ ಮೊದಲು. ಸ್ಕೂಲಿನಲ್ಲಿ ಎಂಟು ವರ್ಷ ಬೇರೆಯವರ ಮಾತು ಬರೆದು ಬರೆದು ಕೈಬಿಟ್ಟವನು ಅವನು. ಆ ಬುಕ್ಕಿನಲ್ಲಿ ತನ್ನ ಹೆಸರೂ ಒಂದು ದಿನ ಬರುತ್ತದೆ ಅಂತ ಮನಸ್ಸಿನಲ್ಲೇ ಗಂಟು ಹಾಕಿಕೊಂಡ. ಮೇಡಂ ಇನ್ನೊಂದು ಮಾತು ಆಡಿದ್ದರು: ರಾಗಿ ಕೂಡಿಸುವ ಕೈ ಸಿಕ್ಕರೆ ಅಂಥವರನ್ನು ಫಾರಂನ ಕೆಲಸಕ್ಕೇ ತೆಗೆದುಕೊಳ್ಳುತ್ತಾರೆ.

ರಾಗಿ ಹೂ ಬಿಟ್ಟಿತು. ರಾಗಿಗೆ ಹೂವಿದೆ ಅಂತ ಊರಲ್ಲಿ ಯಾರೂ ಕಣ್ಣಿಟ್ಟು ನೋಡಿದವರಲ್ಲ, ಅದು ಸಾಸಿವೆ ಕಾಳಿಗಿಂತ ಚಿಕ್ಕದು. ಒಂದೊಂದು ಹೂವಿನೊಳಗೂ ಮೂರು ಪರಾಗದ ಚೀಲ. ಹೂ ತೆರೆಯುವ ಮುಂಚೆಯೇ ಆ ಮೂರನ್ನೂ ಚಿಮಟದಿಂದ ಎತ್ತಿ ತೆಗೆಯಬೇಕು, ಇಲ್ಲದಿದ್ದರೆ ಹೂವು ತನ್ನದೇ ಪರಾಗಕ್ಕೆ ಕಾಳು ಕಟ್ಟಿಬಿಡುತ್ತದೆ. ತೆಗೆದ ಮೇಲೆ ಬೆಳಗಿನ ಇಬ್ಬನಿಯಲ್ಲಿ ಗಂಡು ತಳಿಯ ಪರಾಗ ಉದುರಿಸಬೇಕು. ಮೇಡಂ ತೋರಿಸಿಕೊಟ್ಟರು, ಚಿಮಟವನ್ನು ಚಿಕ್ಕಸ್ವಾಮಿಗೇ ಕೊಟ್ಟರು.

ಇಪ್ಪತ್ತು ಹೂವಿಗೆ ಕೈ ಹಾಕಿದ. ಇಪ್ಪತ್ತನ್ನೂ ಹಿಸುಕಿದ. ನೇಗಿಲ ಮೇಣಿ ಒತ್ತಿ ಒತ್ತಿ ಜಡ್ಡುಗಟ್ಟಿದ ಹೆಬ್ಬೆರಳಿಗೆ ಹೂವು ಎಲ್ಲಿದೆ ಅಂತಲೇ ತಿಳಿಯುತ್ತಿರಲಿಲ್ಲ. ಮಾರನೆಯ ದಿನವೂ ಅದೇ. ಮೂರನೆಯ ದಿನ ಮೇಡಂ, "ಪರವಾಗಿಲ್ಲ ಬಿಡಿ ಚಿಕ್ಕಸ್ವಾಮಿ, ಇದು ಎಲ್ಲರ ಕೈಗೂ ಬರಲ್ಲ," ಎಂದರು. ಮೆತ್ತಗೇ ಹೇಳಿದರು. ಬೈದಿದ್ದರೆ ಚೆನ್ನಾಗಿತ್ತು.

ಅಷ್ಟೊತ್ತಿಗೆ ಚಲುವಮ್ಮನ ಮುರಿದ ಓಲೆಗೆ ಬೆಸುಗೆ ಹಾಕಿ ತೆಗೆದುಕೊಂಡು ಲೋಹಿತ ಸೈಕಲ್ಲು ತುಳಿದುಕೊಂಡು ಬಂದ. ಬಂದವನು ಓಲೆ ಕೊಟ್ಟು ಹೋಗಬೇಕೋ ಬೇಡವೋ? ಬದುವಿನ ಮೇಲೆ ಕುಕ್ಕರುಗಾಲಲ್ಲಿ ಕೂತು, "ಏನ್ಲಾ ಅದು, ರಾಗಿಗೆ ಮೂಗುತಿ ಚುಚ್ತಿದ್ದೀಯಾ?" ಎಂದ. ಜೇಬಿನಿಂದ ಅಪ್ಪನ ಚಿಮಟ ತೆಗೆದ. ಕೂದಲಿನಂಥ ತುದಿಯ ಚಿಮಟ. ಉಸಿರು ಬಿಗಿಹಿಡಿದು ಒಂದು ಹೂವಿನೊಳಗಿಂದ ಮೂರು ಚೀಲವನ್ನೂ ಎತ್ತಿ ಉಗುರಿನ ಮೇಲಿಟ್ಟು ಮೇಡಂಗೆ ತೋರಿಸಿದ. ಹೂವಿಗೆ ತನ್ನನ್ನು ಯಾರೋ ಮುಟ್ಟಿದರು ಅಂತಲೂ ಗೊತ್ತಾಗಿರಲಿಕ್ಕಿಲ್ಲ.

ಮೇಡಂ ಮುಖ ಅರಳಿತು. ಚಿಕ್ಕಸ್ವಾಮಿ ಅದು ಅರಳುವುದನ್ನು ನೋಡಿದ. ಆವತ್ತು ಹತ್ತಿದ ಉರಿ ಅದು.

ಹದಿನೈದು ದಿನ ಲೋಹಿತ ಬಂದ. ಹದಿನೈದು ದಿನವೂ ಚಿಕ್ಕಸ್ವಾಮಿಯ ಹೊಲದಲ್ಲಿ, ಚಿಕ್ಕಸ್ವಾಮಿಯ ಅವ್ವ ಕೊಟ್ಟ ಮುದ್ದೆ ಉಂಡು, ಚಿಕ್ಕಸ್ವಾಮಿ ಹಿಡಿದ ಕೊಡೆಯ ನೆರಳಿನಲ್ಲಿ ಕೂತು ಹೂವಿನ ಚೀಲ ಎತ್ತಿದ. ಹೌದು, ಕೊಡೆ ಹಿಡಿಯುವ ಕೆಲಸ ಇವನಿಗೆ ಬಂದಿತ್ತು. ಮೇಡಂ ಪಕ್ಕದಲ್ಲಿ ಕೂತು ಲೋಹಿತನಿಗೆ ಏನೇನೋ ವಿವರಿಸುತ್ತಿದ್ದರು: ತಾಯಿ ಗುಬ್ಬಿಮುಷ್ಟಿಯ ಗೆಣ್ಣು ಹಸಿರು, ತಂದೆ ಫಾರಂ ರಾಗಿಯ ಗೆಣ್ಣು ನೇರಳೆ, ನಿಜವಾಗಿ ಕೂಡಿದ ಮಕ್ಕಳೆಲ್ಲ ನೇರಳೆಯೇ ಬರುತ್ತವೆ, ಹಸಿರು ಬಂದರೆ ತಾಯಿ ತನಗೆ ತಾನೇ ಕಟ್ಟಿಕೊಂಡ ಕಾಳು. ಮುಂದೆ ಮೊಮ್ಮಕ್ಕಳ ವಿಷಯವನ್ನೂ ಹೇಳಿದರು. ಅಷ್ಟರಲ್ಲಿ ಚಿಕ್ಕಸ್ವಾಮಿಯ ಗಮನವೆಲ್ಲ ಆ ಹಾಳು ಬೆರಳುಗಳ ಮೇಲಿತ್ತು, ಅದು ಅವನ ಕಿವಿಗೆ ಬೀಳಲಿಲ್ಲ.

ಕೊನೆಯ ದಿನ ಬುಕ್ಕು ತೆರೆದಿತ್ತು. ಇಣುಕಿ ನೋಡಿದ. ಸಂಕರ ಮಾಡಿದವರು: ಲೋಹಿತ್. ಹೊಲ ಎಂಬ ಜಾಗದಲ್ಲಿ ಸರ್ವೆ ನಂಬರು. ತಾನು ಉತ್ತ ನೆಲ ಬರೀ ನಂಬರಾಗಿತ್ತು. ಎಲೆ ಬಾಗಿಲು ಹಾಕಿಕೊಳ್ಳುತ್ತದೆ ಅಂದವನು ಯಾರು ಅಂತ ಎಲ್ಲೂ ಇರಲಿಲ್ಲ.

ಮರುವರ್ಷ ಜೂನಿನಲ್ಲಿ ಆ ತೆನೆಗಳ ಕಾಳನ್ನು ಮನೆಯ ಹಿಂದಿನ ಮಡಿಯಲ್ಲಿ ಸಾಲಾಗಿ ಊರಿದರು. ನೀರು ಹಾಕುವುದು ಚಿಕ್ಕಸ್ವಾಮಿಯ ಪಾಲು. ಮೇಡಂ ಶನಿವಾರ ಬರುವವರಿದ್ದರು. ಗುರುವಾರ ಬೆಳಿಗ್ಗೆ ಕೊಡ ಹೊತ್ತು ಹೋದವನು ಬಗ್ಗಿದಲ್ಲೇ ನಿಂತ. ಇನ್ನೂರರ ಮೇಲಿದ್ದ ಹಸಿರು ಪೈರಿನ ನಡುವೆ ಅಲ್ಲೊಂದು ಇಲ್ಲೊಂದು ಬುಡದಲ್ಲಿ ನೇರಳೆ ಹಣ್ಣು ತಿಂದ ತುಟಿಯ ಬಣ್ಣ. ಎಣಿಸಿದ. ಹನ್ನೊಂದು.

ಅಕ್ಕಸಾಲಿಯ ಕೈ ಗೆದ್ದುಬಿಟ್ಟಿತ್ತು.

ಶನಿವಾರ ಏನಾಗುತ್ತದೆ ಅಂತ ಕಣ್ಣಿಗೆ ಕಟ್ಟಿತು. ಮೇಡಂ ಮುಖ ಅರಳುತ್ತದೆ. ಲೋಹಿತ ಫಾರಂ ಕೆಲಸಕ್ಕೆ ಜೀಪು ಹತ್ತುತ್ತಾನೆ. ಇವನು ಕೊಡ ಹಿಡಿದು ನಿಂತಿರುತ್ತಾನೆ. ಆಮೇಲೆ ಯೋಚನೆ ಮಾಡಲಿಲ್ಲ. ಹನ್ನೊಂದನ್ನೂ ಬೇರು ಸಮೇತ ಕಿತ್ತ. ದನದ ಬಾಯಿಗೆ ಹಾಕುವುದೆಂದು ಕೊಟ್ಟಿಗೆಯವರೆಗೂ ಒಯ್ದ. ಹಸು ಕತ್ತು ಚಾಚಿತು. ಕೈ ಹಿಂದೆ ಎಳೆದುಕೊಂಡ. ಎಷ್ಟಾದರೂ ಅವ್ವನ ರಾಗಿ ಅದರ ರಕ್ತದಲ್ಲಿತ್ತು, ಸಾಯಿಸಲು ಮನಸ್ಸು ಬರಲಿಲ್ಲ. ಒದ್ದೆ ಗೋಣಿಯಲ್ಲಿ ಸುತ್ತಿ, ಯಾರೂ ಹೋಗದ ಮೇಲಿನ ಕಲ್ಲುಪಟ್ಟಿಗೆ ಒಯ್ದು ಬಂಡೆಯ ಮರೆಗೆ ನೆಟ್ಟ. ಇನ್ನು ಇವು ನನ್ನವು, ಎಂದುಕೊಂಡ.

ಶನಿವಾರ ಮೇಡಂ ಮಡಿಯ ಪಕ್ಕ ಮಂಡಿಯೂರಿ ಒಂದೊಂದು ಪೈರಿನ ಬುಡವನ್ನೂ ನೋಡಿದರು. ಎಲ್ಲ ಹಸಿರು. ಎರಡನೆಯ ಸಲ ನೋಡಿದರು. ಲೋಹಿತ ಹಿಂದೆ ನಿಂತು ಇಸ್ತ್ರಿ ಮಾಡಿದ ಅಂಗಿಯ ಗುಂಡಿ ತಿರುವುತ್ತಿದ್ದ.

"ಒಂದೂ ಕಚ್ಚಿಲ್ಲ," ಎಂದರು ಮೇಡಂ ಎದ್ದು. "ಆಗುತ್ತೆ ಲೋಹಿತ್. ರಾಗಿ ಬಹಳ ಕಷ್ಟ."

"ನಾನು ಮೂರೂ ಚೀಲ ತೆಗ್ದಿದ್ದೆ ಮೇಡಂ. ಒಂದೊಂದ್ರಲ್ಲೂ."

"ತೆಗೆದೆ ಅಂತ ನಮಗೆ ಅನ್ನಿಸಿರುತ್ತೆ."

ಲೋಹಿತ ತನ್ನ ಕೈಯನ್ನು ಒಂದು ಸಲ ನೋಡಿಕೊಂಡು ಜೇಬಿಗೆ ಹಾಕಿಕೊಂಡ. ಆ ನೋಟಕ್ಕಾಗಿಯೇ ಚಿಕ್ಕಸ್ವಾಮಿ ವರ್ಷವಿಡೀ ಕಾದಿದ್ದ. ಸಿಕ್ಕಿತು. ಸಿಕ್ಕಾಗ ಬಾಯಲ್ಲಿ ಕಬ್ಬಿಣ ನೆಕ್ಕಿದ ರುಚಿ. ಮೇಡಂ ಬುಕ್ಕಿನಲ್ಲಿ ಆ ಪುಟದ ಮೇಲೆ ಅಡ್ಡಗೀಟು ಎಳೆದು ಹೋದರು, ಮತ್ತೆ ಬರಲಿಲ್ಲ. ಕಾಳಪ್ಪನ ಕಣ್ಣು ಮಂಜಾಗಿ ಕುಲುಮೆ ಆರಿತ್ತು, ಲೋಹಿತ ಪಾಂಡವಪುರದ ಒಂದು ಅಂಗಡಿಗೆ ಸೇರಿಕೊಂಡ. ಅಲ್ಲಿ ಓಲೆ, ಉಂಗುರ ಎಲ್ಲ ಮಿಷನ್ನಿನಲ್ಲಿ ಒತ್ತಿಸಿಕೊಂಡು ಬರುತ್ತಿದ್ದವು. ಮುರಿದದ್ದಕ್ಕೆ ಬೆಸುಗೆ ಹಾಕಿ ಪಾಲಿಶ್ ಮಾಡುವುದಷ್ಟೇ ಅವನಿಗೆ ಉಳಿದಿದ್ದ ಕೆಲಸ.

ಕಲ್ಲುಪಟ್ಟಿಯ ಹನ್ನೊಂದು ಗಿಡ ಮಾತ್ರ ಹುಚ್ಚೆದ್ದು ಬೆಳೆದವು. ಬಂಡೆ ಕಾದು ಕಾವಲಿಯಾಗುವ ಜಾಗ. ನೆಟ್ಟು ತಿಂಗಳಾದ ಮೇಲೆ ಮಳೆ ಇಪ್ಪತ್ತೆರಡು ದಿನ ಕೈಕೊಟ್ಟಿತು. ಹತ್ತು ಗಂಟೆಗೆ ಎಲೆ ಸುತ್ತಿಕೊಳ್ಳುತ್ತಿದ್ದವು, ಸಂಜೆ ತೆರೆಯುತ್ತಿದ್ದವು. ತೆನೆಯೋ, ಹಿಡಿ ತುಂಬುವಷ್ಟು. ಇಂಥ ರಾಗಿ ಈ ಸೀಮೆಯಲ್ಲಿ ಯಾರ ಹೊಲದಲ್ಲೂ ಇರಲಿಲ್ಲ, ಮತ್ತು ಇದನ್ನು ಯಾರಿಗೂ ತೋರಿಸುವಂತಿರಲಿಲ್ಲ. ಅವ್ವ ಒಂದು ದಿನ, "ಮೇಲಕ್ಕೆ ಯಾಕ್ಲಾ ದಿನಾ ಓಯ್ತೀಯೆ, ಎಣ್ಣು ನೋಡಿದ್ದೀಯಾ ಎಂಗೆ?" ಎಂದಳು. "ಅಲ್ಲಿ ಹಾವದೆ, ನೀನ್ ಬರ್ಬ್ಯಾಡ," ಎಂದ.

ಹನ್ನೊಂದರ ಕಾಳನ್ನೂ ಒಂದೇ ಡಬ್ಬಿಗೆ ಸುರಿದಿಟ್ಟ. ಮುಂದಿನ ವರ್ಷ ಕಲ್ಲುಪಟ್ಟಿ ಪೂರ್ತಿ ಇದೇ ರಾಗಿ, ಅದರ ಮುಂದಿನ ವರ್ಷ ಊರೆಲ್ಲ ಇದೇ, ಎಲ್ಲರೂ ಚಿಕ್ಕಸ್ವಾಮಿ ರಾಗಿ ಅನ್ನಬೇಕು. ಅವ್ವನ ಗುಬ್ಬಿಮುಷ್ಟಿಯ ಕಾಳಿನಿಂದ ಗುಬ್ಬಿಮುಷ್ಟಿಯೇ ಬರುತ್ತಿತ್ತಲ್ಲ, ಇದರಿಂದ ಇದೇ ಬರುತ್ತದೆ. ಒಕ್ಕಲು ಮಗ ಹೀಗಲ್ಲದೆ ಇನ್ನು ಹೇಗೆ ಯೋಚಿಸಿಯಾನು?

ತೊಂಬತ್ತೇಳರಲ್ಲಿ ಬಿತ್ತಿದ. ಬಂದದ್ದು ಜಾತ್ರೆ ಜನ. ಒಂದು ಸೊಂಟದೆತ್ತರ, ಒಂದು ಮೊಳಕಾಲು. ಒಂದರ ಗೆಣ್ಣು ನೇರಳೆ, ಪಕ್ಕದ್ದು ಹಸಿರು. ಒಂದು ಬೇಗ ಹೂ ಬಿಟ್ಟರೆ ಇನ್ನೊಂದಕ್ಕೆ ನೆನಪೇ ಇಲ್ಲ. ಆ ಹನ್ನೊಂದರ ಹಾಗೆ ಒಂದು ಸಾಲೂ ಇಲ್ಲ. ಚಿಕ್ಕಸ್ವಾಮಿಗೆ ಹುಚ್ಚು ಹಿಡಿದಂತಾಯಿತು. ಅಕ್ಕಸಾಲಿಯೇ ಏನೋ ಮಾಡಿ ಇಟ್ಟಿದ್ದಾನೆ, ಬೇರೆಯವರ ಕೈಗೆ ಸಿಕ್ಕರೆ ಕೆಟ್ಟುಹೋಗಲಿ ಅಂತ, ಎಂದು ಬೈದುಕೊಂಡ. ಆಗಸ್ಟಿನಲ್ಲಿ ಮಳೆ ನಿಂತಾಗ ದಿನವೂ ಮಧ್ಯಾಹ್ನ ಹೋಗಿ ಆ ಜಂಗುಳಿಯಲ್ಲಿ ತನ್ನ ಹನ್ನೊಂದನ್ನು ಹೋಲುವ ಮುಖ ಹುಡುಕಿದ. ಯಾವುದು ಹೊತ್ತಿಗೆ ಸರಿಯಾಗಿ ಎಲೆ ಸುತ್ತಿಕೊಂಡು ಸಂಜೆ ಪೂರ್ತಿ ತೆರೆಯಿತೋ ಅದರ ಬುಡಕ್ಕೆ ಒಂದು ಬಿಳಿ ಬೆಣಚುಕಲ್ಲು ಇಟ್ಟ. ಮಾರನೆ ದಿನ ಸೋತರೆ ಕಲ್ಲು ತೆಗೆದ. ಇಪ್ಪತ್ತು ದಿನ ಇಟ್ಟ, ತೆಗೆದ. ಕೊನೆಗೆ ಉಳಿದ ಕಲ್ಲು ಮೂವತ್ತೆಂಟು.

ಗೌರಿ ಹಬ್ಬಕ್ಕೆ ಊರಿಗೆ ಬಂದ ಲೋಹಿತನನ್ನು ಚಲುವಮ್ಮ ಕರೆಸಿದಳು, ಓಲೆ ಮತ್ತೆ ಬಿಟ್ಟುಕೊಂಡಿತ್ತು. ಅದನ್ನು ಇಸಿದುಕೊಂಡವನು ಹಳೆಯ ಗೆಳೆಯನನ್ನು ಮಾತಾಡಿಸೋಣವೆಂದು ಕಲ್ಲುಪಟ್ಟಿಗೇ ಹತ್ತಿ ಬಂದ. ಚಿಕ್ಕಸ್ವಾಮಿ ಕುಡುಗೋಲು ಹಿಡಿದು ನಿಂತಿದ್ದ, ಈ ಕಲಬೆರಕೆಯನ್ನೆಲ್ಲ ಕೊಯ್ದು ದನಕ್ಕೆ ಹಾಕಿಬಿಡುವುದೆಂದು.

"ಎಲ್ಲಿ ತಂದ್ಯೋ ಈ ಬೀಜಾನ?"

"ಮನೇದು."

"ನಿಮ್ಮನೇದು ಹಸುರು ಗೆಣ್ಣು ಕಣ್ಲಾ."

ಲೋಹಿತ ಸಾಲಿಗಿಳಿದ. ಒಂದೊಂದು ಗಿಡದ ಗೆಣ್ಣನ್ನೂ ಬೆರಳಲ್ಲಿ ಮುಟ್ಟುತ್ತ, ತುಟಿ ಅಲ್ಲಾಡಿಸುತ್ತ ಹೋದ. ಆ ಬೆರಳು ಈಗ ಸ್ವಲ್ಪ ಕಪ್ಪಾಗಿದ್ದವು. ಎರಡು ಸಾಲು ಮುಗಿಸಿ ನಿಂತ.

"ನೂರು ಗಿಡ ಎಣಿಸ್ದೆ. ಹಸುರು ಇಪ್ಪತ್ತಾರು."

"ಅದ್ಕೇನೀಗ?"

"ಮೇಡಂ ಹೇಳಿದ್ರು. ನೀನೂ ಇದ್ದೆ, ಕೊಡೆ ಹಿಡ್ಕಂಡು. ಕೂಡಿದ ಮಕ್ಳೆಲ್ಲ ನೇರಳೆ. ಆ ಮಕ್ಳ ಕಾಳು ಬಿತ್ತಿದ್ರೆ ಮೊಮ್ಮಕ್ಳು ಒಂದೊಂದು ಒಂದೊಂದು ತರ, ಆದ್ರೆ ಗೆಣ್ಣು ಮಾತ್ರ ಮೂರು ನೇರಳೆಗೆ ಒಂದು ಹಸುರು." ಅವನ ದನಿ ಎಲ್ಲೂ ಏರಲಿಲ್ಲ. "ಇವು ನನ್ನ ಮೊಮ್ಮಕ್ಳು ಕಣ್ಲಾ. ಇವುಗಳ ಅಪ್ಪಂದಿರು ಎಲ್ಲೋಗಿದ್ರು ಅಂತ ಹೇಳು."

ಚಿಕ್ಕಸ್ವಾಮಿ ಕುಡುಗೋಲು ಎಸೆದ. "ಊಂ, ಕಿತ್ತೆ. ಅನ್ನೊಂದೂ ಕಿತ್ತೆ. ಏನೀಗ? ರಾಗಿ ನಮ್ಮವ್ವಂದು. ಒಲ ನಮ್ದು. ನೀರು ಹೊತ್ತೋನು ನಾನು, ಕೊಡೆ ಇಡ್ದೋನು ನಾನು. ಬುಕ್ನಲ್ಲಿ ಎಸ್ರು ನಿಂದು. ಹದಿನೈದು ದಿನ ಕುಂತೆದ್ದು ಹೋದೋನ ಎಸ್ರು."

ಲೋಹಿತ ಹೊಡೆಯುತ್ತಾನೆ ಅಂತ ಕಾದ. ಹೊಡೆದಿದ್ದರೆ ತಾನೂ ಹೊಡೆಯಬಹುದಿತ್ತು. ಅವನು ಬಂಡೆಯ ಮೇಲೆ ಕೂತ.

"ನಾನು ನನ್ನ ಕೈನೇ ಬೈಕಂಡೆ ಕಣ್ಲಾ ಇಷ್ಟು ದಿನ. ಚೀಲ ತೆಗ್ದೆ ಅಂತ ಅನ್ಕಂಡಿರೋದು, ತೆಗ್ದಿಲ್ಲ, ಕೈ ಸುಳ್ಳು ಹೇಳ್ತು ಅಂತ. ಈಗ ಬೆಸುಗೆ ಹಾಕುವಾಗ ನಡುಗ್ತದೆ. ನಮ್ಮಪ್ಪನಿಗೆ ಹೇಳಿಲ್ಲ."

ಮೇಲುಕೋಟೆ ಬೆಟ್ಟದ ಮೇಲೆ ಮೋಡ ಕೂತು ಎದ್ದುಹೋಯಿತು. ಲೋಹಿತ ಒಂದು ಬೆಣಚುಕಲ್ಲನ್ನು ಕಾಲಲ್ಲಿ ಮುಟ್ಟಿ, "ಇದೇನು?" ಎಂದ. ಚಿಕ್ಕಸ್ವಾಮಿ ಬೇಡದ ಮನಸ್ಸಿನಿಂದ ಹೇಳಿದ. ಎಲೆ ಸುತ್ತುವ ಹೊತ್ತು, ತೆರೆಯುವ ಹೊತ್ತು, ಇಟ್ಟದ್ದು, ತೆಗೆದದ್ದು.

"ಮೇಡಂಗೆ ಬೇಕಾಗಿದ್ದುದು ಇದೇ," ಎಂದ ಲೋಹಿತ ಎದ್ದು. "ನನ್ನ ಕೈಯಿಂದ ಇದು ಆಗ್ತಿರ್ನಿಲ್ಲ. ನಾನಂತೂ ಹೋಗಿ ಹೇಳಾಕಿಲ್ಲ. ಕುಯ್ದು ದನಕ್ಕಾಕ್ತಿಯೋ, ಇನ್ನೇನ್ ಮಾಡ್ತಿಯೋ, ನಿನ್ನ ಒಲ."

ಇಳಿದು ಹೋದ. ತನ್ನಿಂದ ಆಗದ್ದು ಇವನಿಂದ ಆಗುತ್ತದೆ ಅಂತ ಅಷ್ಟು ಸುಲಭವಾಗಿ ಹೇಳಿ ಹೋದದ್ದು ಚಿಕ್ಕಸ್ವಾಮಿಗೆ ಒದೆಗಿಂತ ಜೋರಾಗಿ ತಾಗಿತು. ಈ ಮಾತಾಡುವ ದೊಡ್ಡತನವೂ ಅವನಿಗೇ ಬರಬೇಕೇ? ಕುಡುಗೋಲು ಎತ್ತಿಕೊಂಡ. ಒಂದು ಗಿಡದ ಬುಡ ಹಿಡಿದ. ಬುಡದಲ್ಲಿ ಕಲ್ಲಿತ್ತು. ಪಕ್ಕದ್ದರ ಬುಡದಲ್ಲಿ ಇರಲಿಲ್ಲ. ಎರಡನ್ನೂ ಕೊಯ್ಯಲಾಗಲಿಲ್ಲ.

ಕಾಳು ಬಲಿತ ಮೇಲೆ ಮೂವತ್ತೆಂಟು ತೆನೆಯನ್ನೂ ಬೇರೆ ಬೇರೆ ಪೇಪರಿನಲ್ಲಿ ಸುತ್ತಿದ. ಈ ಸಲ ಬೆರೆಸಲಿಲ್ಲ. ಕೆ.ಆರ್. ಪೇಟೆಗೆ ಹೋಗಿ ಬಸ್ಸು ಹಿಡಿದು, ಪಾಂಡವಪುರ ದಾಟಿ, ನಾಲೆ ಬಯಲಿನಲ್ಲಿ ಇಳಿದು ಫಾರಂ ಹುಡುಕಿದ. ಮೇಡಂ ಕುರ್ಚಿ ತೋರಿಸಿದರು.

"ಕೂರಾಕಿಲ್ಲ. ಕದ್ದಿದ್ದು ಮೊದ್ಲು ಹೇಳ್ತೀನಿ."

ಹೇಳಿದ. ಮೇಡಂ ಮುಖ ಗಂಟಿಕ್ಕಿದರು. "ಒಂದು ಪೂರ್ತಿ ವರ್ಷ ಹಾಳು ಮಾಡಿದಿರಿ. ಆ ಹುಡುಗನದು ಇನ್ನೂ ಹೆಚ್ಚು," ಎಂದರು. ಆಮೇಲೆ ಒಂದು ಪೇಪರು ಬಿಚ್ಚಿ ತೆನೆಯನ್ನು ಬೆಳಕಿಗೆ ಹಿಡಿದರು. "ಹನ್ನೊಂದು ಕಚ್ಚಿತ್ತಾ? ಮೊದಲ ಸಲ ರಾಗಿ ಹೂವಿಗೆ ಚಿಮಟ ಹಿಡಿದವನ ಕೈಯಲ್ಲಿ ಹನ್ನೊಂದು? ಅವನನ್ನು ಬರಹೇಳಿ." ಅವರ ಮುಖ ಅರಳಿತು, ಅವತ್ತಿನ ಹಾಗೆಯೇ. ಚಿಕ್ಕಸ್ವಾಮಿಯ ಹೊಟ್ಟೆ ಉರಿಯಿತು, ಅದೂ ಅವತ್ತಿನ ಹಾಗೆಯೇ. ನಿಜ ಹೇಳಿದರೆ ಅದು ಆರುತ್ತದೆ ಅಂತ ಬಸ್ಸಿನುದ್ದಕ್ಕೂ ಅಂದುಕೊಂಡು ಬಂದಿದ್ದ.

"ಬೆಣಚುಕಲ್ಲಿನ ವಿಷಯ ಇನ್ನೊಂದು ಸಲ ಹೇಳಿ," ಎಂದರು ಮೇಡಂ. ಹೇಳಿದ. ಹಳೆಯ ಬುಕ್ಕು ತೆಗೆದು, ಗೀಟು ಎಳೆದಿದ್ದ ಪುಟದ ಪಕ್ಕದಲ್ಲೇ ಬರೆದುಕೊಂಡರು. ನೋಡಬಾರದು ಅಂತ ಗೋಡೆಯ ಕ್ಯಾಲೆಂಡರು ನೋಡಿದ. ತಡೆಯಲಾಗದೆ ಇಣುಕಿದ. ಸಂಕರ ಮಾಡಿದವರು: ಲೋಹಿತ್. ಅದರ ಕೆಳಗೆ, ಹೊಲದಲ್ಲಿ ಆರಿಸಿದವರು: ಚಿಕ್ಕಸ್ವಾಮಿ. ಕೆಳಗೆ. ಅಕ್ಷರವೂ ಒಂಚೂರು ಸಣ್ಣದಿದ್ದಂತೆ ಕಂಡಿತು.

ವಾಪಸ್ಸು ಬರುವಾಗ ಪಾಂಡವಪುರದಲ್ಲಿ ಇಳಿದ. ಲೋಹಿತ ಅಂಗಡಿಯ ಮೂಲೆಯಲ್ಲಿ ಬಗ್ಗಿ ಒಂದು ಸರದ ಕೊಂಡಿಗೆ ಊದುಗೊಳವೆಯಿಂದ ಉರಿ ಊದುತ್ತಿದ್ದ. ಎಡಗೈಯ ಚಿಮಟ ಸಣ್ಣಗೆ ನಡುಗುತ್ತಿತ್ತು.

"ಮೇಡಂ ಕರೀತಾವ್ರೆ. ಅನ್ನೊಂದು ಕಚ್ಚಿದ್ದು ಹೇಳ್ದೆ," ಎಂದ ಚಿಕ್ಕಸ್ವಾಮಿ ಬಾಗಿಲಲ್ಲೇ ನಿಂತು. "ನಿನ್ನ ಎಸ್ರು ಮೇಲೆ ಬರ್ದವ್ರೆ. ನಂದು ಕೆಳಗೆ."

ಲೋಹಿತ ತಲೆಯೆತ್ತಲಿಲ್ಲ. "ನಿಂತ್ಕೊ," ಎಂದ, "ಉರಿ ಮುಂದೆ ಮಾತಾಡಿಸ್ಬ್ಯಾಡ."

ಚಿಕ್ಕಸ್ವಾಮಿ ನಿಂತ. ಕೊಂಡಿಯ ಎರಡು ತುದಿ ಕೆಂಪಾದವು, ಬೆಳ್ಳಗಾದವು. ಚಿಮಟ ನಡುಗುತ್ತಲೇ ಹತ್ತಿರ ಬಂತು, ಒಂದು ಗಳಿಗೆ ತಡೆಯಿತು, ನಿಂತಿತು. ಎರಡು ತುದಿಯೂ ಸದ್ದಿಲ್ಲದೆ ಕೂಡಿಕೊಂಡವು. ಆ ಬೆರಳುಗಳನ್ನು ಚಿಕ್ಕಸ್ವಾಮಿ ರೆಪ್ಪೆ ಹೊಡೆಯದೆ ನೋಡುತ್ತಿದ್ದ, ಹೊಟ್ಟೆ ಉರಿಯುತ್ತಲೇ ಇತ್ತು.